ಎರಡು ಸಲ ಕಳಚಿದ ಕ್ಯಾಪ್: ಒಂದು ಹಲ್ಲಿನ ಪ್ರಕರಣ

ಇದು ನನ್ನದೇ ಕ್ಲಿನಿಕ್ಕಿನ ಪ್ರಕರಣ. ಕ್ಯಾಪ್ ಹಾಕಿದ್ದೂ ನಾನೇ, ಅದು ಕಳಚಿ ಬಂದಾಗ ಸರಿಯಾಗಿ ನೋಡದೆ ಮತ್ತೆ ಅಂಟಿಸಿ ಕಳಿಸಿದ್ದೂ ನಾನೇ. ಹಾಗಾಗಿ ಬೇರೆ ಯಾರ ತಪ್ಪನ್ನೂ ಎತ್ತಿ ತೋರಿಸುವುದಕ್ಕೆ ಇದನ್ನು ಬರೆಯುತ್ತಿಲ್ಲ. ಪೇಷೆಂಟ್ ಒಪ್ಪಿಗೆ ಕೊಟ್ಟಿದ್ದಾರೆ, ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ. ಐವತ್ತು ದಾಟಿದ ಹೆಂಗಸು, ದಿನವಿಡೀ ಮಾತಾಡಬೇಕಾದ ಕೆಲಸ. ಅಷ್ಟು ಗೊತ್ತಿದ್ದರೆ ಸಾಕು. ಈ ಮಾತಾಡುವ ಕೆಲಸದ ವಿಷಯ ಮುಂದೆ ಬೇಕಾಗುತ್ತದೆ.

ಹಿನ್ನೆಲೆ

ಅವರು ಮೊದಲ ಸಲ ಬಂದಾಗ ಕೆಳದವಡೆಯ ಬಲಗಡೆಯ ಮೊದಲ ದವಡೆಹಲ್ಲಿನ ಹುಳುಕು ನರ ಮುಟ್ಟಿತ್ತು. ಎರಡು ರಾತ್ರಿ ನಿದ್ದೆ ಇರಲಿಲ್ಲ. ರೂಟ್ ಕೆನಾಲ್ ಮಾಡಿ, ಒಳಗೆ ಗಟ್ಟಿ ಫಿಲ್ಲಿಂಗ್ ತುಂಬಿ, ಮೇಲೆ ಕ್ಯಾಪ್ ಹಾಕಿದೆ. ಒಳಗೆ ಲೋಹ, ಹೊರಗೆ ಬಿಳಿ ಪೋರ್ಸಲೀನ್ ಇರುವಂಥದ್ದು.

ಕ್ಯಾಪ್ ಯಾಕೆ ಬೇಕು ಅಂತ ತುಂಬಾ ಜನ ಕೇಳುತ್ತಾರೆ, ನೋವು ಹೋಯಿತಲ್ಲ, ಇನ್ಯಾಕೆ ಅಂತ. ಅಷ್ಟು ದೊಡ್ಡ ಹುಳುಕು ತೆಗೆದು, ನರ ತೆಗೆಯುವುದಕ್ಕೆ ಮೇಲಿನಿಂದ ದಾರಿ ಮಾಡಿದ ಮೇಲೆ ದವಡೆಹಲ್ಲಿನಲ್ಲಿ ಉಳಿಯುವುದು ತೆಳ್ಳಗಿನ ಗೋಡೆಗಳು ಮಾತ್ರ. ಗಟ್ಟಿಯಾದದ್ದು ಏನಾದರೂ ಕಚ್ಚಿದಾಗ ಆ ಗೋಡೆ ಉದ್ದುದ್ದ ಸೀಳಬಹುದು, ಸೀಳು ಬೇರಿನವರೆಗೆ ಹೋದರೆ ಹಲ್ಲು ಕೀಳುವುದೊಂದೇ ದಾರಿ. ಕ್ಯಾಪ್ ಆ ಗೋಡೆಗಳನ್ನೆಲ್ಲ ಸುತ್ತ ಹಿಡಿದು ನಿಲ್ಲಿಸುತ್ತದೆ. ಮರದ ಗಾಡಿಚಕ್ರಕ್ಕೆ ಕಬ್ಬಿಣದ ಪಟ್ಟಿ ಬಿಗಿಯುತ್ತಾರಲ್ಲ, ಹಾಗೆ. ಅದಕ್ಕೆ ಜಾಗ ಬೇಕು ಅಂತ ಹಲ್ಲನ್ನು ಸುತ್ತಲೂ, ಮೇಲೂ ಒಂದರಿಂದ ಎರಡು ಮಿಲಿಮೀಟರ್‌ನಷ್ಟು ಉಜ್ಜಿ ತೆಗೆಯುತ್ತೇವೆ, ಅಳತೆ ತೆಗೆದು ಲ್ಯಾಬಿಗೆ ಕಳಿಸುತ್ತೇವೆ, ಬಂದ ಕ್ಯಾಪನ್ನು ಸಿಮೆಂಟಿನಿಂದ ಕೂರಿಸುತ್ತೇವೆ.

ಕೂರಿಸಿದ ದಿನ ಅವರು ಕೇಳಿದ ಪ್ರಶ್ನೆ ನನಗಿನ್ನೂ ನೆನಪಿದೆ. “ಇನ್ನು ಹುಳುಕಿನ ಕಾಟ ಇಲ್ಲ ಅಲ್ವಾ ಡಾಕ್ಟ್ರೇ?”

“ಕ್ಯಾಪಿಗೆ ಹುಳುಕು ಬರಲ್ಲ ಮೇಡಂ” ಅಂದೆ.

ಮಾತು ಸುಳ್ಳಲ್ಲ. ಲೋಹಕ್ಕೂ ಪೋರ್ಸಲೀನಿಗೂ ಹುಳುಕು ಹಿಡಿಯುವುದಿಲ್ಲ. ಆದರೆ ಅವರು ಕೇಳಿದ್ದು ಹಲ್ಲಿನ ಬಗ್ಗೆ, ನಾನು ಹೇಳಿದ್ದು ಕ್ಯಾಪಿನ ಬಗ್ಗೆ. ಕ್ಯಾಪ್ ಅಂದರೆ ಹಲ್ಲಿಗೆ ಹಾಕುವ ಟೋಪಿ ಅಂತ ನಾವೆಲ್ಲ ಸುಲಭಕ್ಕೆ ಹೇಳುತ್ತೇವೆ. ಟೋಪಿ ಹಾಕಿದರೂ ಕಿವಿ, ಕತ್ತು ಬಿಸಿಲಲ್ಲೇ ಇರುತ್ತವೆ. ಕ್ಯಾಪ್ ಮುಗಿದು ಹಲ್ಲು ಶುರುವಾಗುವ ಆ ಅಂಚು ವಸಡಿನ ಹತ್ತಿರ ಇರುತ್ತದೆ, ಆಹಾರ ಮತ್ತು ಪಾಚಿ ಸೇರುವುದೂ ಅಲ್ಲೇ. ಅಲ್ಲಿಂದ ಕೆಳಗೆ ಇರುವುದು ನಿಜವಾದ ಹಲ್ಲು. ಇದನ್ನು ಆವತ್ತು ಹೇಳಲಿಲ್ಲ. “ಚೆನ್ನಾಗಿ ಬ್ರಷ್ ಮಾಡಿ, ಆರು ತಿಂಗಳಿಗೊಮ್ಮೆ ಬನ್ನಿ” ಅಂತ ಎಲ್ಲರಿಗೂ ಹೇಳುವುದನ್ನೇ ಹೇಳಿ ಕಳಿಸಿದೆ. ಅವರು ನಾಲ್ಕು ವರ್ಷ ಬರಲಿಲ್ಲ. ನೋವಿಲ್ಲದೆ ಹಲ್ಲಿನ ಡಾಕ್ಟರ ಹತ್ತಿರ ಯಾರು ಬರುತ್ತಾರೆ ಹೇಳಿ?

ಮೊದಲ ಸಲ ಕಳಚಿದ್ದು

ನಾಲ್ಕು ವರ್ಷ ಕಳೆದ ಮೇಲೆ ಒಂದು ದಿನ ಕ್ಯಾಪನ್ನು ಕಾಗದದಲ್ಲಿ ಸುತ್ತಿಕೊಂಡು ಬಂದರು. ಊಟ ಮಾಡುವಾಗ ಬಂದುಬಿಟ್ಟಿತಂತೆ, ನುಂಗಿಲ್ಲ ಸದ್ಯ. ಆವತ್ತು ಕ್ಲಿನಿಕ್ಕಿನಲ್ಲಿ ಕಾಲಿಡುವುದಕ್ಕೂ ಜಾಗ ಇರಲಿಲ್ಲ. ಕ್ಯಾಪ್ ಮುರಿದಿರಲಿಲ್ಲ, ಹಲ್ಲಿನ ಮೇಲೆ ಇಟ್ಟರೆ ಸರಿಯಾಗಿ ಕೂರುತ್ತಿತ್ತು, ನೋವೂ ಇರಲಿಲ್ಲ. ಹಳೇ ಸಿಮೆಂಟ್ ಕೆರೆದು, ಒಣಗಿಸಿ, ಹೊಸ ಸಿಮೆಂಟ್ ಹಾಕಿ ಕೂರಿಸಿದೆ. ಹತ್ತು ನಿಮಿಷದ ಕೆಲಸ. ಅವರಿಗೂ ಖುಷಿ, ನನಗೂ ಖುಷಿ.

ಹಿಂದಿನ ಮೂಲೆಯಲ್ಲಿ ಅಂಚಿನ ಹತ್ತಿರ ಸ್ವಲ್ಪ ಕಂದು ಬಣ್ಣ ಕಂಡಿತ್ತು. ಕಲೆ ಇರಬೇಕು ಅಂದುಕೊಂಡೆ. ಚೂಪು ಕಡ್ಡಿಯಿಂದ ಒತ್ತಿ ನೋಡಿದ್ದರೆ ಗೊತ್ತಾಗುತ್ತಿತ್ತು, ನೋಡಲಿಲ್ಲ. ನಾಲ್ಕು ವರ್ಷ ಗಟ್ಟಿಯಾಗಿ ನಿಂತ ಕ್ಯಾಪ್ ಕಾರಣ ಇಲ್ಲದೆ ಕಳಚುವುದಿಲ್ಲ. ಸಿಮೆಂಟ್ ಕೈಕೊಟ್ಟಿರಬೇಕು, ಇಲ್ಲ ಕೆಳಗಿನ ಹಲ್ಲು ಕರಗಿರಬೇಕು, ಇಲ್ಲ ಹಿಡಿತಕ್ಕೆ ಬೇಕಾದಷ್ಟು ಎತ್ತರ ಮೊದಲಿನಿಂದಲೇ ಇಲ್ಲದಿರಬೇಕು, ಇಲ್ಲ ರಾತ್ರಿ ಹಲ್ಲು ಕಡಿಯುವ ಅಭ್ಯಾಸದಿಂದ ಅಲುಗಿ ಅಲುಗಿ ಸಡಿಲವಾಗಿರಬೇಕು. ಇದರಲ್ಲಿ ಯಾವುದು ಅಂತ ನಾನು ಕೇಳಿಕೊಳ್ಳಲೇ ಇಲ್ಲ. ಈ ಪ್ರಕರಣದಲ್ಲಿ ಎಲ್ಲಿ ಎಡವಿದೆ ಅಂತ ಯಾರಾದರೂ ಕೇಳಿದರೆ ನಾನು ತೋರಿಸುವುದು ಆ ಹತ್ತು ನಿಮಿಷವನ್ನೇ.

ಎರಡನೇ ಸಲ

ಎಂಟು ತಿಂಗಳಿಗೆ ಮತ್ತೆ ಬಂದರು. ಈ ಸಲ ಕ್ಯಾಪ್ ಕಾಗದದಲ್ಲಿರಲಿಲ್ಲ, ಬಾಯಲ್ಲೇ ಇತ್ತು. ಸಡಿಲವಾಗಿ ಮೂರು ವಾರ ಆಗಿತ್ತಂತೆ, ಬಿದ್ದಾಗಲೆಲ್ಲ ತೊಳೆದು ಬೆರಳಲ್ಲಿ ಒತ್ತಿ ಕೂರಿಸಿಕೊಳ್ಳುತ್ತಿದ್ದರಂತೆ. ರಾತ್ರಿ ಅದನ್ನು ಹಾಗೇ ಇಟ್ಟುಕೊಂಡು ಮಲಗುತ್ತಿದ್ದರು ಅಂತ ಕೇಳಿ ನನಗೆ ಎದೆ ಝಲ್ಲೆಂದಿತು. ನಿದ್ದೆಯಲ್ಲಿ ಕ್ಯಾಪ್ ಕಳಚಿ ಹೊಟ್ಟೆಗೆ ಹೋದರೆ ಸಾಮಾನ್ಯವಾಗಿ ಹೊರಗೆ ಬಂದುಬಿಡುತ್ತದೆ, ಆದರೆ ಶ್ವಾಸನಾಳಕ್ಕೆ ಇಳಿದರೆ ಅದು ಆಸ್ಪತ್ರೆಯ ಕೇಸು. ಸಡಿಲವಾದ ಕ್ಯಾಪನ್ನು ತೆಗೆದು ಚಿಕ್ಕ ಡಬ್ಬಿಯಲ್ಲಿಟ್ಟುಕೊಂಡು ಡಾಕ್ಟರ ಹತ್ತಿರ ಬರುವುದೇ ಸರಿ. ಮನೆಯಲ್ಲಿರುವ ಸೂಪರ್ ಗ್ಲೂ ಹಾಕಿ ಅಂಟಿಸಿಕೊಂಡು ಬಂದವರನ್ನೂ ನೋಡಿದ್ದೇನೆ, ದಯವಿಟ್ಟು ಬೇಡ. ಅದು ಬಾಯಿಗೆ ಹಾಕುವ ವಸ್ತುವಲ್ಲ. ಸಾಲದ್ದಕ್ಕೆ ಕ್ಯಾಪ್ ವಾರೆಯಾಗಿ ಕೂತುಬಿಟ್ಟರೆ ಆಮೇಲೆ ಕೊಯ್ದೇ ತೆಗೆಯಬೇಕಾಗುತ್ತದೆ.

ಕ್ಯಾಪ್ ತೆಗೆದ ಕೂಡಲೇ ವಾಸನೆ ಬಂತು. ಒಳಗೆ ಸಿಮೆಂಟ್ ಮುಕ್ಕಾಲು ಪಾಲು ತೊಳೆದು ಹೋಗಿತ್ತು. ಹಿಂದಿನ ಮೂಲೆಯ ಆ “ಕಲೆ”ಯನ್ನು ಕಡ್ಡಿಯಿಂದ ಮುಟ್ಟಿದೆ, ಒದ್ದೆ ಮರದಂತೆ ಮೆತ್ತಗೆ ಒಳಗೆ ಇಳಿಯಿತು. ಹುಳುಕು ವಸಡಿನ ಕೆಳಗಿನವರೆಗೆ ಹೋಗಿತ್ತು. ಫಿಲ್ಲಿಂಗ್ ಒಂದು ಕಡೆ ಬಿಟ್ಟುಕೊಂಡು, ಬೇರಿನ ನಾಳದಲ್ಲಿ ತುಂಬಿದ್ದ ರಬ್ಬರಿನಂಥ ವಸ್ತುವಿನ, ಅಂದರೆ ಗಟ್ಟಾಪರ್ಚಾದ, ತುದಿ ಕಾಣುತ್ತಿತ್ತು. ಎಂಜಲು ಎಷ್ಟು ದಿನದಿಂದ ಅಲ್ಲಿಗೆ ಹೋಗುತ್ತಿತ್ತೋ.

ಕನ್ನಡಿ ಕೊಟ್ಟು ತೋರಿಸಿದೆ. ಅವರಿಗೆ ನಂಬಿಕೆಯೇ ಬರಲಿಲ್ಲ.

“ಒಂಚೂರೂ ನೋವಿಲ್ವಲ್ಲ ಡಾಕ್ಟ್ರೇ, ಇಷ್ಟು ಹುಳುಕು ಹೇಗೆ?”

“ನೋವು ಹೇಳೋ ನರಾನೇ ತೆಗೆದಿದೀವಲ್ಲ ಮೇಡಂ. ಈ ಹಲ್ಲು ಇನ್ನು ಕೂಗಿ ಹೇಳಲ್ಲ.”

ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು, “ಕ್ಯಾಪಿಗೆ ಹುಳುಕು ಬರಲ್ಲ ಅಂದಿದ್ರಿ.” ಬೈದು ಹೇಳಿದ್ದಲ್ಲ, ನೆನಪಿಸಿದ್ದು ಅಷ್ಟೇ. ಬೈದಿದ್ದರೇ ಚೆನ್ನಾಗಿತ್ತು.

ಎಕ್ಸ್‌ರೇ ತೆಗೆದೆ. ಕ್ಯಾಪ್ ಇದ್ದಾಗ ಎಕ್ಸ್‌ರೇಯಿಂದಲೂ ಪೂರ್ತಿ ಸಹಾಯ ಸಿಗುವುದಿಲ್ಲ. ಲೋಹದ ಕ್ಯಾಪೂ ಜಿರ್ಕೋನಿಯಾ (ಗಟ್ಟಿ ಬಿಳಿ ಸೆರಾಮಿಕ್) ಕ್ಯಾಪೂ ಬೆಳ್ಳಗೆ ಅಡ್ಡ ನಿಲ್ಲುತ್ತವೆ, ಅದರ ಒಳಗೆ ಏನಿದೆ ಅಂತ ಕಾಣುವುದಿಲ್ಲ. ಅಂಚಿನ ಎಡಬಲ ಮಾತ್ರ ಕಾಣುತ್ತದೆ. ಹಾಗಾಗಿ ಕಣ್ಣು, ಕಡ್ಡಿ, ಎಕ್ಸ್‌ರೇ ಮೂರೂ ಬೇಕು. ಅವರ ಎಕ್ಸ್‌ರೇಯಲ್ಲಿ ಹಿಂದಿನ ಬೇರಿನ ತುದಿಗೆ ಸಣ್ಣ ಕಪ್ಪು ನೆರಳಿತ್ತು. ಸೋಂಕು ಮತ್ತೆ ಒಳಗೆ ಹೋಗಿತ್ತು.

ಕಾರಣ ಹುಡುಕಿದ್ದು

ಈ ಹೆಂಗಸು ಬ್ರಷ್ ಮಾಡದವರಲ್ಲ. ದಿನಕ್ಕೆ ಎರಡು ಸಲ ಬ್ರಷ್ ಮಾಡುತ್ತಾರೆ, ಹಲ್ಲುಗಳ ಹೊರಮೈ ಹೊಳೆಯುತ್ತಿತ್ತು. ಹಾಗಿದ್ದರೆ ನಾಲ್ಕೈದು ವರ್ಷದಲ್ಲಿ ಇಷ್ಟು ಹುಳುಕು ಯಾಕೆ?

ಉತ್ತರ ಸಿಕ್ಕಿದ್ದು ನನ್ನ ಕೈಯಲ್ಲಿದ್ದ ಸಣ್ಣ ಕನ್ನಡಿಯಿಂದ. ಕೆನ್ನೆ ಸರಿಸಲು ಕನ್ನಡಿ ಇಟ್ಟರೆ ಅದು ಒಳಗಡೆ ಅಂಟಿಕೊಂಡಿತು, ಎಳೆದು ಬಿಡಿಸಬೇಕಾಯಿತು. ಬಾಯಿ ಒಣಗಿದೆ ಅನ್ನುವುದಕ್ಕೆ ಅದಕ್ಕಿಂತ ಸಾಕ್ಷಿ ಬೇಡ. ಕೇಳಿದರೆ, ಹೌದು, ಎರಡು ಮೂರು ವರ್ಷದಿಂದ ಬಾಯಿ ಒಣಗುತ್ತದೆ ಅಂದರು. ಅಲರ್ಜಿಗೆ ದಿನಾ ಒಂದು ಮಾತ್ರೆ ನುಂಗುತ್ತಿದ್ದರು. ಹಳೇ ತರಹದ ಅಲರ್ಜಿ ಮಾತ್ರೆಗಳು ಎಂಜಲು ಕಡಿಮೆ ಮಾಡುತ್ತವೆ, ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳೂ ಅಷ್ಟೇ. ನಮ್ಮ ಫಾರ್ಮಿನಲ್ಲಿ “ಯಾವುದಾದರೂ ಔಷಧಿ?” ಅಂತ ಒಂದು ಸಾಲಿದೆ. ಮೊದಲ ಸಲ ಬಂದಾಗ “ಇಲ್ಲ” ಅಂತ ಬರೆದಿದ್ದರು. ಆಮೇಲೆ ನಾನು ಮತ್ತೆ ಕೇಳಿರಲೇ ಇಲ್ಲ.

ಬಾಯಿ ಒಣಗಿದರೆ ಮಾತಾಡುವ ಕೆಲಸದವರು ಏನು ಮಾಡುತ್ತಾರೆ? ಪೆಪ್ಪರ್‌ಮಿಂಟ್ ಚೀಪುತ್ತಾರೆ. ಬ್ಯಾಗಿನಲ್ಲಿ ಒಂದು ಪೊಟ್ಟಣ, ಮೇಜಿನಲ್ಲಿ ಇನ್ನೊಂದು. ದಿನಕ್ಕೆ ಎಂಟು ಹತ್ತು, ಬಲಗಡೆ ಕೆನ್ನೆಯಲ್ಲಿ ಒತ್ತಿಟ್ಟುಕೊಂಡು. ಅದೇ ಹಲ್ಲಿನ ಪಕ್ಕ!

ಸಕ್ಕರೆ ಬಾಯಿಗೆ ಬಿದ್ದ ಕೆಲವೇ ನಿಮಿಷದಲ್ಲಿ ಬ್ಯಾಕ್ಟೀರಿಯಾ ಅದರಿಂದ ಆಮ್ಲ ಮಾಡುತ್ತವೆ. ಎಂಜಲು ಅದನ್ನು ತೊಳೆದು, ಸಪ್ಪೆ ಮಾಡಿ, ಬಾಯನ್ನು ಮೊದಲಿನ ಸ್ಥಿತಿಗೆ ತರುವುದಕ್ಕೆ ಅರ್ಧ ಗಂಟೆಯಾದರೂ ಬೇಕು. ಎಂಜಲೇ ಇಲ್ಲದಿದ್ದರೆ ಇನ್ನೂ ಜಾಸ್ತಿ. ಅಷ್ಟರಲ್ಲಿ ಮುಂದಿನ ಪೆಪ್ಪರ್‌ಮಿಂಟ್ ಬಂದಾಯಿತು. ಹಲ್ಲಿನ ಹೊರಪದರವಾದ ಎನಾಮೆಲ್ ಕರಗಲು ಶುರುವಾಗುವುದು ಪಿಎಚ್ (ಆಮ್ಲದ ಅಳತೆ, ಕಡಿಮೆಯಾದಷ್ಟೂ ಆಮ್ಲ ಜಾಸ್ತಿ) ಸುಮಾರು 5.5ಕ್ಕೆ ಇಳಿದಾಗ, ಬೇರಿನ ಮೇಲ್ಮೈ ಮಾತ್ರ 6 ದಾಟಿದ ಮಟ್ಟದಲ್ಲೇ ಕರಗತೊಡಗುತ್ತದೆ. ವಯಸ್ಸಿನ ಜೊತೆ ವಸಡು ಸ್ವಲ್ಪ ಕೆಳಗೆ ಸರಿದು, ಕ್ಯಾಪಿನ ಅಂಚಿನ ಕೆಳಗೆ ಅವರ ಬೇರು ತೆರೆದುಕೊಂಡಿತ್ತು. ಎಲ್ಲಾ ಒಟ್ಟಿಗೆ ಸೇರಿದ್ದು ಅಲ್ಲೇ. ಅಂದರೆ ಇಷ್ಟು ದಿನ ನಾನು ಸಿಮೆಂಟಿನಿಂದ ಸರಿಮಾಡಲು ಹೊರಟಿದ್ದು ಒಂದು ಮಾತ್ರೆಯ ಮತ್ತು ಒಂದು ಪೊಟ್ಟಣ ಪೆಪ್ಪರ್‌ಮಿಂಟಿನ ಸಮಸ್ಯೆಯನ್ನು.

ಉಳಿಸುವುದಾ, ಕೀಳುವುದಾ

ಮೆತ್ತಗಾದದ್ದನ್ನೆಲ್ಲ ತೆಗೆದ ಮೇಲೆ ಮೂರು ಕಡೆ ವಸಡಿನ ಮೇಲೆ ಮೂರು ಮಿಲಿಮೀಟರ್ ಗಟ್ಟಿ ಹಲ್ಲು ಉಳಿಯಿತು, ಹಿಂದಿನ ಕಡೆ ಏನೂ ಇಲ್ಲ. ಕ್ಯಾಪ್ ನಿಲ್ಲಬೇಕಾದರೆ ಅದರ ಅಂಚು ಸುತ್ತಲೂ ಒಂದೂವರೆ ಎರಡು ಮಿಲಿಮೀಟರ್‌ನಷ್ಟಾದರೂ ನಿಜವಾದ ಹಲ್ಲನ್ನು ಹಿಡಿಯಬೇಕು. ಫಿಲ್ಲಿಂಗನ್ನು ಹಿಡಿದರೆ ಲೆಕ್ಕಕ್ಕಿಲ್ಲ. ಗಾಡಿಚಕ್ರದ ಪಟ್ಟಿ ಮರವನ್ನು ಹಿಡಿಯಬೇಕು ತಾನೆ, ಮೆತ್ತಿದ ಮಣ್ಣನ್ನಲ್ಲ. ಹಿಂದಿನ ಕಡೆ ಅಂಚನ್ನು ಹಾಗೇ ವಸಡಿನ ಆಳಕ್ಕೆ ಇಳಿಸುವಂತೆಯೂ ಇರಲಿಲ್ಲ. ಮೂಳೆಯ ಮೇಲೆ ಸುಮಾರು ಎರಡು ಮಿಲಿಮೀಟರ್ ವಸಡು ಹಲ್ಲಿಗೆ ಅಂಟಿಕೊಂಡಿರುತ್ತದೆ. ಕ್ಯಾಪಿನ ಅಂಚು ಅಲ್ಲಿಗೆ ನುಗ್ಗಿದರೆ ವಸಡು ಯಾವಾಗಲೂ ಕೆಂಪಗೆ ಊದಿಕೊಂಡು ರಕ್ತ ಬರುತ್ತಿರುತ್ತದೆ, ನಿಧಾನಕ್ಕೆ ಮೂಳೆಯೂ ಸರಿಯುತ್ತದೆ.

ಅವರ ಮುಂದೆ ಎಲ್ಲವನ್ನೂ ಇಟ್ಟೆ. ಹಳೇ ಕ್ಯಾಪನ್ನು ಮತ್ತೆ ಅಂಟಿಸಬಹುದು, ಕೆಲವು ತಿಂಗಳಿಗೆ ಹಲ್ಲು ಮುರಿಯುತ್ತದೆ. ಕಿತ್ತು ಇಂಪ್ಲಾಂಟ್, ಅಂದರೆ ಮೂಳೆಗೆ ಕೂರಿಸುವ ಕೃತಕ ಹಲ್ಲು, ಹಾಕಬಹುದು, ಆದರೆ ಬಾಯಿ ಒಣಗುವುದು ಹಾಗೇ ಇದ್ದರೆ ಉಳಿದ ಹಲ್ಲುಗಳಿಗೂ ಇದೇ ಗತಿ. ಇಲ್ಲದಿದ್ದರೆ ರೂಟ್ ಕೆನಾಲ್ ಮತ್ತೆ ಮಾಡಿ, ಹಿಂದಿನ ಕಡೆ ವಸಡು ಮತ್ತು ಸ್ವಲ್ಪ ಮೂಳೆ ತಗ್ಗಿಸಿ, ಗಟ್ಟಿ ಹಲ್ಲು ಹೊರಗೆ ಬರುವಂತೆ ಮಾಡಿ ಹೊಸ ಕ್ಯಾಪ್ ಹಾಕಬಹುದು. ಈ ಆಪರೇಷನ್ ಎಲ್ಲರಿಗೂ ಆಗುವುದಿಲ್ಲ. ಕೆಳಗಿನ ದವಡೆಹಲ್ಲಿನ ಬೇರು ಎರಡಾಗಿ ಕವಲೊಡೆಯುವ ಜಾಗ ಮೇಲೇ ಇದ್ದರೆ ಮೂಳೆ ತಗ್ಗಿಸಿದಾಗ ಕವಲು ತೆರೆದುಕೊಂಡು ಅಲ್ಲಿ ಬ್ರಷ್ ಹೋಗದಂತಾಗುತ್ತದೆ. ಅವರ ಅದೃಷ್ಟಕ್ಕೆ ಕವಲು ಸಾಕಷ್ಟು ಕೆಳಗಿತ್ತು.

ಅವರು ಉಳಿಸೋಣ ಅಂದರು. ನಾನು ಒಂದು ಷರತ್ತು ಹಾಕಿದೆ. ಹೊಸ ಕ್ಯಾಪ್ ಮೂರು ತಿಂಗಳು ಇಲ್ಲ. ಆ ಮೂರು ತಿಂಗಳಲ್ಲಿ ಬಾಯಿಯ ಸ್ಥಿತಿ ಬದಲಾಗದಿದ್ದರೆ ಕ್ಯಾಪ್ ಮಾಡುವುದೇ ಇಲ್ಲ, ಕೀಳುವ ವಿಷಯ ಮಾತಾಡೋಣ. ಅವರಿಗೆ ಸಿಟ್ಟು ಬಂತು, ಸಹಜವೇ. ಬೇಗ ಮುಗಿಸಿಕೊಡಿ ಅನ್ನುವವರಿಗೆ ನಿಧಾನ ಮಾಡುತ್ತೇನೆ ಅನ್ನುವುದು ಡಾಕ್ಟರಿಗೂ ಸುಲಭ ಅಲ್ಲ. ಆದರೆ ಈ ಪ್ರಕರಣದಲ್ಲಿ ನಾನು ತೆಗೆದುಕೊಂಡ ಸರಿಯಾದ ನಿರ್ಧಾರ ಅಂತ ಇದ್ದರೆ ಅದೇ.

ಆ ಮೂರು ತಿಂಗಳು

ಮಾತ್ರೆಯನ್ನು ನಾವೇ ನಿಲ್ಲಿಸಲಿಲ್ಲ, ನಿಲ್ಲಿಸಬಾರದು. ಅವರ ವೈದ್ಯರಿಗೆ ಒಂದು ಚೀಟಿ ಬರೆದೆ, ಅವರು ಬಾಯಿ ಅಷ್ಟು ಒಣಗಿಸದ ಬೇರೆ ಮಾತ್ರೆ ಕೊಟ್ಟರು. ಪೆಪ್ಪರ್‌ಮಿಂಟ್ ಬದಲು ಸಕ್ಕರೆಯಿಲ್ಲದ, ಕ್ಸೈಲಿಟಾಲ್ (ಹುಳುಕು ತರದ ಒಂದು ಸಿಹಿ) ಇರುವ ಚೂಯಿಂಗ್ ಗಮ್ ಮತ್ತು ಕೈಯಲ್ಲೊಂದು ನೀರಿನ ಬಾಟಲಿ. ಗಮ್ಮನ್ನು ಎಡಗಡೆ ಮಾತ್ರ ಅಗಿಯಬೇಕಿತ್ತು, ಬಲಗಡೆ ಇದ್ದದ್ದು ತಾತ್ಕಾಲಿಕ ಕ್ಯಾಪ್. ಮಾಮೂಲಿ ಟೂತ್‌ಪೇಸ್ಟಿನಲ್ಲಿ ಫ್ಲೋರೈಡ್ ಸುಮಾರು 1000ದಿಂದ 1500 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ ಅಷ್ಟು ಪಾಲು) ಇರುತ್ತದೆ. ಇವರಿಗೆ 5000 ಪಿಪಿಎಂನದು ಬರೆದುಕೊಟ್ಟೆ. ಅದು ಡಾಕ್ಟರ್ ಹೇಳಿದರೆ ಮಾತ್ರ, ಎಲ್ಲರಿಗೂ ಅಲ್ಲ, ಮಕ್ಕಳ ಕೈಗೆ ಸಿಗಬಾರದು. ರಾತ್ರಿ ಉಜ್ಜಿ ಉಗಿದ ಮೇಲೆ ನೀರು ಹಾಕಿ ಮುಕ್ಕಳಿಸಬಾರದು ಅಂದೆ. ಬಾಯಲ್ಲಿ ಉಳಿಯಬೇಕಾದ ಫ್ಲೋರೈಡನ್ನು ನಾವೇ ತೊಳೆದು ಚೆಲ್ಲುತ್ತೇವೆ, ಅಲ್ವಾ?

ಬ್ರಷ್ ಹಿಡಿಯುವುದನ್ನು ಮತ್ತೆ ಹೇಳಿಕೊಟ್ಟೆ. ಅವರು ಹಲ್ಲಿನ ನಡುಭಾಗವನ್ನು ಚೆನ್ನಾಗಿ ಉಜ್ಜುತ್ತಿದ್ದರು, ವಸಡಿನ ಸಾಲು ಮುಟ್ಟುತ್ತಿರಲಿಲ್ಲ. ಬ್ರಷ್ಷಿನ ಕೂದಲು ಅರ್ಧ ಹಲ್ಲಿನ ಮೇಲೆ, ಅರ್ಧ ವಸಡಿನ ಮೇಲೆ ಬರುವಂತೆ ಓರೆಯಾಗಿ ಹಿಡಿದು, ಒತ್ತದೆ, ಸಣ್ಣ ಸಣ್ಣದಾಗಿ ಆಡಿಸಬೇಕು. ಕ್ಯಾಪ್ ಇರುವ ಹಲ್ಲಿಗೆ ಕೊಳೆ ಕೂರುವುದೇ ಆ ಸಾಲಿನಲ್ಲಿ. ಎರಡು ಹಲ್ಲಿನ ಸಂದಿಗೆ ಯಾವ ಬ್ರಷ್ಷೂ ಹೋಗುವುದಿಲ್ಲ, ಅದಕ್ಕೆ ದಾರ ಇಲ್ಲವೇ ಸಂದಿ ಬ್ರಷ್ ಬೇಕು. ಅವರ ಹಿಂದಿನ ಸಂದಿ ಅಗಲವಾಗಿತ್ತು, ದಾರ ಸುಮ್ನೆ ಜಾರಿ ಬರುತ್ತಿತ್ತು. ಮೂರು ಅಳತೆಯ ಸಂದಿ ಬ್ರಷ್ ಇಟ್ಟು ನೋಡಿ, ಸ್ವಲ್ಪ ಬಿಗಿಯಾಗಿ ಹೋಗುವುದನ್ನು ಆರಿಸಿದೆವು. ಮೊದಲ ವಾರ ರಕ್ತ ಬಂತು. ಹೆದರಿ ಫೋನ್ ಮಾಡಿದರು. ನಿಲ್ಲಿಸಬೇಡಿ ಅಂದೆ, ಹತ್ತು ದಿನಕ್ಕೆ ನಿಂತಿತು.

ತಾತ್ಕಾಲಿಕ ಕ್ಯಾಪ್ ಒಂದು ಸಲ ಬಿತ್ತು. ಅದು ಪ್ಲಾಸ್ಟಿಕ್ಕಿನಂಥದ್ದು, ಸುಲಭವಾಗಿ ತೆಗೆಯಲು ಬರುವ ಮೆದು ಸಿಮೆಂಟಿನಲ್ಲಿ ನಿಂತಿರುತ್ತದೆ. ಮುಂದಿನ ಸಂದಿಗೆ ದಾರ ಹಾಕಿ ಮೇಲಕ್ಕೆ ಎಳೆದಿದ್ದರು, ಕ್ಯಾಪೂ ಜೊತೆಗೆ ಬಂತು. ತಾತ್ಕಾಲಿಕ ಕ್ಯಾಪ್ ಇದ್ದಾಗ ದಾರವನ್ನು ಮೇಲಕ್ಕೆ ಕೀಳದೆ ಪಕ್ಕಕ್ಕೆ ಎಳೆದು ತೆಗೆಯಬೇಕು. ಇದನ್ನೂ ಹೇಳಿರಲಿಲ್ಲ, ನನ್ನದೇ ತಪ್ಪು. ಅಂಟುವ ಸಿಹಿತಿಂಡಿ ಬೇಡ ಅಂತ ಮಾತ್ರ ಹೇಳಿದ್ದೆ.

ಈ ಮಧ್ಯೆ ರೂಟ್ ಕೆನಾಲ್ ಮತ್ತೆ ಮಾಡಿದೆ, ವಸಡಿನ ಆಪರೇಷನ್ ಆಯಿತು, ಗಾಯ ಮಾಗಲು ಎಂಟು ವಾರ ಬಿಟ್ಟೆ. ಮೂರನೇ ತಿಂಗಳಿಗೆ ಕನ್ನಡಿ ಕೆನ್ನೆಗೆ ಅಂಟಲಿಲ್ಲ.

ಹೊಸ ಕ್ಯಾಪ್ ಮತ್ತು ಆಮೇಲೆ

ಯಾವ ಕ್ಯಾಪ್ ಅನ್ನುವುದರ ಮೇಲೆ ಒಂದಿಷ್ಟು ಚರ್ಚೆಯಾಯಿತು. ಪೂರ್ತಿ ಲೋಹದ್ದಾದರೆ ಹಲ್ಲು ಉಜ್ಜುವುದು ಕಡಿಮೆ ಸಾಕು, ಮುರಿಯುವುದೂ ಇಲ್ಲ, ನನ್ನ ಮನಸ್ಸು ಅದಕ್ಕೇ ಇತ್ತು. ಮಾತಾಡುವಾಗ, ನಗುವಾಗ ಕಾಣುತ್ತದೆ ಅಂತ ಅವರು ಬೇಡ ಅಂದರು. ಜಿರ್ಕೋನಿಯಾಕ್ಕೆ ಒಪ್ಪಿಕೊಂಡೆವು. ಬಿಳಿ, ಗಟ್ಟಿ, ಒಂದು ಮಿಲಿಮೀಟರ್ ಜಾಗದಲ್ಲೂ ನಿಲ್ಲುತ್ತದೆ. ನಿಜ ಹೇಳಬೇಕೆಂದರೆ ಜನ ವಸ್ತುವಿನ ಬಗ್ಗೆ ಕೇಳುವಷ್ಟು ಅಂಚಿನ ಬಗ್ಗೆ ಕೇಳುವುದಿಲ್ಲ. ಯಾವ ವಸ್ತುವಿನ ಕ್ಯಾಪ್ ಆದರೂ ಕೆಳಗಿನ ಹಲ್ಲು ಅದೇ ತಾನೆ.

ಅಂಟಿಸುವ ಮೊದಲು ಅಂಚಿನ ಸುತ್ತ ಕಡ್ಡಿ ಓಡಿಸಿ, ಎಲ್ಲೂ ಸಿಕ್ಕಿಕೊಳ್ಳುವುದಿಲ್ಲ ಅಂತ ಖಾತ್ರಿ ಮಾಡಿಕೊಂಡೆ. ಬಣ್ಣದ ಕಾಗದ ಕಚ್ಚಿಸಿ ಎತ್ತರ ಸರಿಮಾಡಿದೆ. ಕ್ಯಾಪ್ ಒಂದು ಕೂದಲೆಳೆ ಎತ್ತರವಾಗಿದ್ದರೂ ಕಚ್ಚುವ ಭಾರವೆಲ್ಲ ಅದರ ಮೇಲೇ ಬೀಳುತ್ತದೆ. ಹೊಸ ಕ್ಯಾಪ್ ಹಾಕಿಸಿಕೊಂಡವರು ಮೊದಲು ಅದೇ ತಾಗುತ್ತಿದೆ ಅನ್ನಿಸಿದರೆ ಅಭ್ಯಾಸ ಆಗುತ್ತದೆ ಅಂತ ಕಾಯದೆ ಹೋಗಿ ತೋರಿಸಬೇಕು. ಅವರಿಗೆ ರಾತ್ರಿ ಹಲ್ಲು ಕಡಿಯುವ ಲಕ್ಷಣ ಇರಲಿಲ್ಲ. ಇದ್ದಿದ್ದರೆ ನೈಟ್ ಗಾರ್ಡ್ (ಮಲಗುವಾಗ ಹಲ್ಲಿನ ಮೇಲೆ ಹಾಕಿಕೊಳ್ಳುವ ಕವಚ) ಇಲ್ಲದೆ ಕಳಿಸುತ್ತಿರಲಿಲ್ಲ.

ಕೊನೆಗೆ ಕನ್ನಡಿ ಕೈಗೆ ಕೊಟ್ಟು, ಕ್ಯಾಪ್ ಎಲ್ಲಿ ಮುಗಿಯುತ್ತದೆ, ಅವರ ಸ್ವಂತ ಹಲ್ಲು ಎಲ್ಲಿ ಶುರುವಾಗುತ್ತದೆ ಅಂತ ಕಡ್ಡಿಯ ತುದಿಯಿಂದ ಸುತ್ತಲೂ ತೋರಿಸಿದೆ. ಎರಡು ನಿಮಿಷ ಹಿಡಿಯಿತು. ಈಗ ಕ್ಯಾಪ್ ಹಾಕಿದ ಎಲ್ಲರಿಗೂ ಹೀಗೆ ತೋರಿಸಿಯೇ ಕಳಿಸುತ್ತೇನೆ. ಕಳಚಿದ ಕ್ಯಾಪ್ ಹಿಡಿದು ಯಾರಾದರೂ ಬಂದರೆ ಅವತ್ತೇ ಸಿಮೆಂಟ್ ಕಲಸುವುದಿಲ್ಲ. ಮೊದಲು ಒಳಗೆ ನೋಡುತ್ತೇನೆ, ಎಕ್ಸ್‌ರೇ ತೆಗೆಯುತ್ತೇನೆ, ಔಷಧಿಗಳ ಪಟ್ಟಿ ಹೊಸದಾಗಿ ಕೇಳುತ್ತೇನೆ. ಪುರುಸೊತ್ತಿಲ್ಲದ ದಿನ ತಾತ್ಕಾಲಿಕ ಸಿಮೆಂಟಿನಲ್ಲಿ ನಿಲ್ಲಿಸಿ ಇನ್ನೊಂದು ದಿನ ಕರೆಯುತ್ತೇನೆ.

ಎರಡು ವರ್ಷ ಆಯಿತು. ನಾಲ್ಕು ತಿಂಗಳಿಗೊಮ್ಮೆ ಬರುತ್ತಾರೆ. ಬೇರಿನ ತುದಿಯ ನೆರಳು ಮೊದಲ ವರ್ಷದಲ್ಲೇ ಕಡಿಮೆಯಾಯಿತು, ಅಂಚು ಗಟ್ಟಿಯಾಗಿದೆ. ಹಿಂದಿನ ಮೂಲೆಯಲ್ಲಿ ಮಾತ್ರ ವಸಡಿನ ಸಂದು ಇನ್ನೂ ನಾಲ್ಕು ಮಿಲಿಮೀಟರ್ ಆಳ ಇದೆ, ಕಡ್ಡಿ ಇಟ್ಟರೆ ಕೆಲವು ಸಲ ರಕ್ತ ಬರುತ್ತದೆ. ಅದನ್ನು ಪ್ರತಿ ಸಲ ಅಳೆದು ಬರೆದಿಡುತ್ತಿದ್ದೇನೆ. ಕಳೆದ ಸಲ ಬಂದಾಗ ಮೇಲಿನ ಎಡಗಡೆಯ ಒಂದು ಹಳೇ ಕ್ಯಾಪನ್ನು ಅವರೇ ಬೆರಳಿಟ್ಟು ತೋರಿಸಿ, “ಇಲ್ಲಿ ಅಂಚಲ್ಲಿ ಏನೋ ಒರಟು ಸಿಗ್ತಿದೆ ಡಾಕ್ಟ್ರೇ, ನೋಡಿ” ಅಂದರು. ನೋವಿರಲಿಲ್ಲ, ಅದಕ್ಕೂ ನರ ಇಲ್ಲ. ಕಡ್ಡಿ ಇಟ್ಟು ನೋಡಿದರೆ ಆಗ ತಾನೇ ಶುರುವಾದ ಹುಳುಕು. ಕ್ಯಾಪ್ ತೆಗೆಯದೆ, ಅಂಚಿನಲ್ಲೇ ಸಣ್ಣ ಫಿಲ್ಲಿಂಗ್ ಹಾಕಿ ಕಳಿಸಿದೆ.